ಭಾನುವಾರದ ಚರಿತ್ರೆ

1953ನೆಯ ಇಸವಿಯ ಫೆಬ್ರವರಿ 1, ಭಾನುವಾರ ಸಂಜೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಟೆಲಿವಿಷನ್ ಪೆಟ್ಟಿಗೆಯನ್ನು ಕೊಂಡಿದ್ದ ಮನೆಗಳವರು ಅದರ ಮುಂದೆ ಕುಳಿತಿದ್ದಾಗ, ಸಿ.ಬಿ.ಎಸ್. ಎಂಬ ಪ್ರಸಾರ ಸಂಸ್ಥೆಯ ವರದಿಗಾರ ವಾಲ್ಟರ್ ಕ್ರಾಂಕೈಟ್ ತೆರೆಯ ಮೇಲೆ ಕಾಣಿಸಿಕೊಂಡರು. ಮೇಜು, ಸೂಟು, ಟೈ, ಗಂಭೀರವಾದ ಕಂಠ: ಎಲ್ಲವೂ ಆ ದಿನದ ವಾರ್ತೆಯನ್ನು ಓದುವವರ ಠೀವಿಯೇ. ಆದರೆ ಅವರು ಹೇಳಹೊರಟ ವಾರ್ತೆ ಮಾತ್ರ ಸುಮಾರು ಹದಿನಾರು ವರ್ಷ ಹಳೆಯದು. ಹಿಂಡೆನ್‌ಬರ್ಗ್ ಎಂಬ ಜರ್ಮನಿಯ ಭಾರಿ ವಾಯುನೌಕೆ 1937ರ ಮೇ 6ರಂದು ನ್ಯೂಜೆರ್ಸಿಯಲ್ಲಿ ನೆಲಕ್ಕಿಳಿಯುವಾಗ ಹೊತ್ತಿ ಉರಿದುಹೋದ ದುರಂತವನ್ನು, ಅದು ಇದೀಗ ನಡೆಯುತ್ತಿದೆಯೋ ಎಂಬಂತೆ ಅವರು ವರದಿ ಮಾಡತೊಡಗಿದರು. ಕಾರ್ಯಕ್ರಮದ ಹೆಸರು ‘ಯು ಆರ್ ದೇರ್’. ಎಂದರೆ ‘ನೀವೇ ಅಲ್ಲಿದ್ದೀರಿ’.

ರೇಡಿಯೋ ಕೇಳುವ ನಿಮಗೆ ಇಲ್ಲಿ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇದು ಟೆಲಿವಿಷನ್ನಿನ ಸ್ವಂತ ಸೃಷ್ಟಿಯಲ್ಲ, ರೇಡಿಯೋದಿಂದ ಕಡ ತಂದದ್ದು. 1947ರ ಜುಲೈ ತಿಂಗಳಲ್ಲಿ ಅದೇ ಸಂಸ್ಥೆಯ ಬಾನುಲಿಯಲ್ಲಿ ಈ ಮಾಲಿಕೆ ಹುಟ್ಟಿತು. ಸಂಸ್ಥೆಯ ನಿಜವಾದ ವರದಿಗಾರರೇ ಮೈಕು ಹಿಡಿದು ಗತಕಾಲದ ಬೀದಿಗಳಿಗೆ ನುಗ್ಗುವರು. ರಾಜರನ್ನೂ ಸೇನಾಪತಿಗಳನ್ನೂ ಗುಂಪಿನಲ್ಲಿ ನಿಂತ ಸಾಮಾನ್ಯರನ್ನೂ ತಡೆದು ನಿಲ್ಲಿಸಿ ಪ್ರಶ್ನೆ ಕೇಳುವರು. ಕೇಳುಗನಿಗೆ ಕಾಣುವುದು ಏನೂ ಇಲ್ಲ. ಆದುದರಿಂದಲೇ ಎಲ್ಲವೂ ಕಾಣುತ್ತಿದ್ದಿತು. ದೃಶ್ಯ ಬಂದ ಮೇಲೆ ಗಡ್ಡದ ಅಂಟು, ಕೋಟೆಯ ಬಣ್ಣದ ರಟ್ಟು ಎಲ್ಲ ಕಣ್ಣಿಗೆ ಬೀಳತೊಡಗಿದುವು. ಇದು ಬಾನುಲಿಯ ಪಕ್ಷಪಾತಿಯೊಬ್ಬನ ಮಾತೆಂದು ನೀವು ನಕ್ಕರೆ ನನ್ನ ಆಕ್ಷೇಪವಿಲ್ಲ.

ನಮ್ಮವರಿಗೆ ಈ ಉಪಾಯ ಅಪರಿಚಿತವೇನೂ ಅಲ್ಲ. ಕುರುಕ್ಷೇತ್ರದ ಯುದ್ಧವನ್ನು ಕುರುಡುದೊರೆಗೆ ಕಣ್ಣಿಗೆ ಕಟ್ಟುವಂತೆ ವರದಿ ಮಾಡಿದ ಸಂಜಯನನ್ನು ನಾವು ಬಲ್ಲೆವು. ಆದರೆ ಸಂಜಯನ ದಿವ್ಯದೃಷ್ಟಿಯನ್ನು ಕೊಂಡಾಡುವ ಭರದಲ್ಲಿ ಇನ್ನೊಂದನ್ನು ಮರೆಯುತ್ತೇವೆ. ಅವನು ಧೃತರಾಷ್ಟ್ರನ ಅನ್ನವನ್ನು ಉಂಡವನು, ಅವನ ಸೂತ. ಆದರೂ ಈ ಅನರ್ಥಕ್ಕೆ ನಿನ್ನ ಮಗನೂ, ಅವನನ್ನು ತಡೆಯದ ನೀನೂ ಕಾರಣರೆಂದು ದೊರೆಯ ಮುಖಕ್ಕೇ ಹೇಳಿದನು. ಅನ್ನ ಹಾಕಿದವನ ಎದುರಿಗೆ ಅವನಿಗೆ ಬೇಡವಾದುದನ್ನು ಹೇಳುವುದು ದೂರದಲ್ಲಿ ನಡೆದುದನ್ನು ಕಾಣುವುದಕ್ಕಿಂತ ಕಷ್ಟದ ವಿದ್ಯೆ. ಅಮೆರಿಕದ ವಾರಾಂತ್ಯದ ಚರಿತ್ರೆಯ ಪ್ರಸಾರಗಳನ್ನು ನಾನು ಈ ಒರೆಗಲ್ಲಿಗೆ ಹಚ್ಚಿ ನೋಡಲು ಇಷ್ಟಪಡುತ್ತೇನೆ.

‘ಯು ಆರ್ ದೇರ್’ ಆರಂಭವಾದ ಕಾಲ ಎಂತಹದೆಂಬುದನ್ನು ನೆನೆಯಿರಿ. 1950ರ ಫೆಬ್ರವರಿಯಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿಯವರು ಸರ್ಕಾರದ ಒಳಗೇ ಕಮ್ಯೂನಿಸ್ಟರು ತುಂಬಿಕೊಂಡಿದ್ದಾರೆಂದು ಕೂಗೆಬ್ಬಿಸಿದ್ದರು. ಅದೇ ವರ್ಷದ ಜೂನ್‌ನಲ್ಲಿ ‘ರೆಡ್ ಚಾನೆಲ್ಸ್’ ಎಂಬ ಪುಸ್ತಕ ಹೊರಬಿದ್ದಿತು. ರೇಡಿಯೋ ಮತ್ತು ಟೆಲಿವಿಷನ್ನಿನಲ್ಲಿ ಕೆಲಸಮಾಡುವ 151 ಮಂದಿಯ ಹೆಸರುಗಳು ಅದರಲ್ಲಿ ಅಚ್ಚಾಗಿದ್ದುವು. ಇವರು ಎಡಪಂಥದ ಸಭೆಗೆ ಹೋಗಿದ್ದರು, ಆ ಮನವಿಗೆ ರುಜು ಹಾಕಿದ್ದರು ಎಂಬುದೇ ಆಪಾದನೆ. ವಿಚಾರಣೆಯಿಲ್ಲ, ತೀರ್ಪಿಲ್ಲ. ಹೆಸರು ಬಂದಿತೆಂದರೆ ಕೆಲಸ ಹೋಯಿತು, ಅಷ್ಟೆ. ಸಿ.ಬಿ.ಎಸ್. ಸಂಸ್ಥೆ ಆ ವರ್ಷದ ಡಿಸೆಂಬರಿನಲ್ಲಿ ತನ್ನ ನೌಕರರಿಂದ ನಿಷ್ಠೆಯ ಪತ್ರಕ್ಕೆ ರುಜು ಹಾಕಿಸಿಕೊಂಡಿತು.

ಅಂತಹ ಸಂಸ್ಥೆಯ ಭಾನುವಾರದ ಚರಿತ್ರೆಯ ಪಾಠವನ್ನು ಬರೆಯುತ್ತಿದ್ದವರು ಯಾರು? ಏಬ್ರಹಾಂ ಪೊಲಾನ್ಸ್ಕಿ, ವಾಲ್ಟರ್ ಬರ್ನ್‌ಸ್ಟೀನ್, ಆರ್ನಾಲ್ಡ್ ಮನಾಫ್. ಮೂವರೂ ಕಪ್ಪುಪಟ್ಟಿಗೆ ಸೇರಿದವರು. ಬರ್ನ್‌ಸ್ಟೀನರ ಹೆಸರು ‘ರೆಡ್ ಚಾನೆಲ್ಸ್’ನಲ್ಲಿಯೇ ಇದ್ದಿತು, ಪೊಲಾನ್ಸ್ಕಿಯವರು 1951ರಲ್ಲಿ ಕಾಂಗ್ರೆಸ್ಸಿನ ಸಮಿತಿಯ ಮುಂದೆ ನಿಂತು, ಸ್ನೇಹಿತರ ಹೆಸರು ಹೇಳಲು ಒಪ್ಪದೆ ಹಿಂದಿರುಗಿದ್ದವರು. ಕಾರ್ಯಕ್ರಮದ ನಿರ್ಮಾಪಕ ಚಾರ್ಲ್ಸ್ ರಸೆಲ್ ಇದೆಲ್ಲವನ್ನೂ ಬಲ್ಲವರಾಗಿಯೇ ಅವರಿಂದ ಬರೆಯಿಸಿದರು. ಮುಂದೆ ಚಲನಚಿತ್ರಗಳಲ್ಲಿ ಹೆಸರಾದ ಸಿಡ್ನಿ ಲುಮೆಟ್ ಆಗ ಈ ಮಾಲಿಕೆಯ ನಿರ್ದೇಶಕರು. ಬರೆಹ ಒಬ್ಬರದು, ತೆರೆಯ ಮೇಲೆ ಬರುವ ಹೆಸರು ಇನ್ನೊಬ್ಬರದು. ನಿಜವಾದ ಲೇಖಕನ ಬದಲು ಕಛೇರಿಗೆ ಹೋಗಿ ‘ನಾನೇ ಬರೆದೆ’ ಎಂದು ನಿಲ್ಲುವ ಬದಲಾಳನ್ನು ಅವರು ‘ಮುಂಭಾಗ’ ಎಂದು ಕರೆಯುತ್ತಿದ್ದರು. 1976ರಲ್ಲಿ ಇದೇ ಹೆಸರಿನ ಒಂದು ಚಲನಚಿತ್ರವೇ ಬಂದಿತು. ಅದನ್ನು ಬರೆದವರು ಅದೇ ಬರ್ನ್‌ಸ್ಟೀನ್, ಈ ಸಲ ತಮ್ಮ ಹೆಸರಿನಲ್ಲಿಯೇ.

ಹೆಸರಿಲ್ಲದ ಈ ಮೂವರು ಭಾನುವಾರಕ್ಕೆ ಆರಿಸಿಕೊಳ್ಳುತ್ತಿದ್ದ ಪ್ರಸಂಗಗಳನ್ನು ನೋಡಿರಿ. ವಿಷಪಾತ್ರೆಯನ್ನು ಕೈಗೆತ್ತಿಕೊಂಡ ಸಾಕ್ರಟೀಸ್. ತಾನು ಕಂಡ ಸತ್ಯವನ್ನು ಕಾಣಲಿಲ್ಲವೆಂದು ಹೇಳಬೇಕಾಗಿ ಬಂದ ಗೆಲಿಲಿಯೋ. ಇದು ಪೊಲಾನ್ಸ್ಕಿಯವರ ಲೇಖನಿಯದು. ಚಿತೆಗೆ ನಡೆದ ಜೋನ್ ಆಫ್ ಆರ್ಕ್. ಯಾವುದೂ ಅಮೆರಿಕದ್ದಲ್ಲ, ಎಲ್ಲವೂ ಹಳೆಯ ಕಥೆ. ಆಕ್ಷೇಪಿಸುವವರು ಏನೆಂದು ಆಕ್ಷೇಪಿಸಬೇಕು? ಅವರು ತಮ್ಮ ಮನೆಯ ಕಥೆಯನ್ನೂ ಬಿಡಲಿಲ್ಲ: ಸೇಲಂನ ಮಾಟಗಾತಿಯರ ವಿಚಾರಣೆ.

ಈ ಸೇಲಂ ನಮ್ಮ ನೆರೆಯ ತಮಿಳುನಾಡಿನದಲ್ಲ, ಮ್ಯಾಸಚೂಸೆಟ್ಸಿನದು. ಅಲ್ಲಿ 1692ರಲ್ಲಿ ಕೆಲವು ಹುಡುಗಿಯರು ಮೈಮೇಲೆ ಬಂದವರಂತೆ ಕೂಗಾಡತೊಡಗಿ, ಊರಿನ ಇಂತಿಂತಹವರು ಮಾಟ ಮಾಡಿದ್ದಾರೆಂದು ಬೆರಳು ತೋರಿಸಿದರು. ನೂರೈವತ್ತಕ್ಕೂ ಮಿಕ್ಕಿ ಜನ ಆಪಾದನೆಗೆ ಗುರಿಯಾದರು. ಆಪಾದಿತನ ಛಾಯಾರೂಪ ಬಂದು ನನ್ನನ್ನು ಕಾಡಿತೆಂದು ಯಾರಾದರೂ ಹೇಳಿದರೆ ಅದನ್ನೇ ನ್ಯಾಯಾಲಯ ಸಾಕ್ಷ್ಯವೆಂದು ಅಂಗೀಕರಿಸಿತು. ಛಾಯೆಯನ್ನು ಪಾಟೀಸವಾಲು ಮಾಡುವ ವಕೀಲ ಎಲ್ಲಿ ಸಿಕ್ಕಾನು? ಮೊದಲು ಗಲ್ಲಿಗೇರಿದವಳು ಬ್ರಿಜೆಟ್ ಬಿಷಪ್, ಜೂನ್ 10ರಂದು. ಒಟ್ಟು ಹತ್ತೊಂಬತ್ತು ಮಂದಿಯನ್ನು ನೇಣುಹಾಕಿದರು. ಗೈಲ್ಸ್ ಕೋರಿ ಎಂಬ ಮುದುಕ ತಪ್ಪಿತಸ್ಥನೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅವನ ಎದೆಯ ಮೇಲೆ ಕಲ್ಲುಗಳನ್ನು ಹೇರಿ ಕೊಂದರು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದುಂಟು. ‘ಹೌದು, ನಾನು ಮಾಟಗಾತಿ’ ಎಂದು ಒಪ್ಪಿಕೊಂಡು, ಜೊತೆಗಿದ್ದವರ ಹೆಸರುಗಳನ್ನು ಹೇಳಿದವರು ಜೀವ ಉಳಿಸಿಕೊಂಡರು. ಸುಳ್ಳು ಹೇಳಲೊಲ್ಲದವರು ಸತ್ತರು.

1953ರಲ್ಲಿ ತೆರೆಯ ಮುಂದೆ ಕುಳಿತವನಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗಿರಲಿಲ್ಲ. ಆ ವಾರದ ಪತ್ರಿಕೆಗಳಲ್ಲಿ ಸಮಿತಿಗಳ ಮುಂದೆ ನಡೆಯುತ್ತಿದ್ದ ವಿಚಾರಣೆಯೂ ಅದೇ ಆಗಿದ್ದಿತು: ಒಪ್ಪಿಕೋ, ಹೆಸರುಗಳನ್ನು ಹೇಳು, ಮನೆಗೆ ಹೋಗು. ಅದೇ ವರ್ಷದ ಜನವರಿಯಲ್ಲಿ ಆರ್ಥರ್ ಮಿಲ್ಲರ್ ಸೇಲಂನ ಇದೇ ವಸ್ತುವಿನ ಮೇಲೆ ಬರೆದ ‘ದಿ ಕ್ರೂಸಿಬಲ್’ ನಾಟಕವೂ ನ್ಯೂಯಾರ್ಕಿನ ರಂಗಭೂಮಿಗೆ ಬಂದಿದ್ದಿತು. ಆದರೆ ನಾಟಕಕ್ಕೆ ಟಿಕೆಟ್ಟು ಕೊಂಡು ಹೋಗಬೇಕು. ಟೆಲಿವಿಷನ್ ಅಡಿಗೆಮನೆಯ ಬಾಗಿಲವರೆಗೆ ಬರುತ್ತದೆ. ಮೆಕಾರ್ಥಿಯವರನ್ನು ಎಡ್ವರ್ಡ್ ಮರೋ ಎಂಬ ಸುಪ್ರಸಿದ್ಧ ವರದಿಗಾರ ತೆರೆಯ ಮೇಲೆ ನೇರವಾಗಿ ಎದುರಿಸಿದ್ದು 1954ರ ಮಾರ್ಚ್ 9ರಂದು. ಅದಕ್ಕೆ ಒಂದು ವರ್ಷ ಮೊದಲೇ, ಹಳೆಯ ವೇಷಗಳನ್ನು ತೊಡಿಸಿ, ಭಾನುವಾರದ ಸಂಜೆ ಮಕ್ಕಳೂ ಅಜ್ಜಿಯರೂ ಕುಳಿತಲ್ಲಿಗೇ ಈ ಮಾತನ್ನು ಮುಟ್ಟಿಸಿದವರು ಹೆಸರಿಲ್ಲದ ಆ ಬರೆಹಗಾರರು. ಅಪಾಯ ಅವರಿಗೆ ಮಾತ್ರವಿರಲಿಲ್ಲ. ಗುಟ್ಟು ರಟ್ಟಾಗಿದ್ದರೆ ರಸೆಲ್ಲರ ಕೆಲಸಕ್ಕೂ ಸಂಚಕಾರ ಒದಗುತ್ತಿದ್ದಿತು. 1954ರ ಡಿಸೆಂಬರಿನಲ್ಲಿ ಸೆನೆಟ್ಟೇ ಮೆಕಾರ್ಥಿಯವರನ್ನು ಖಂಡಿಸಿತು. ಕಪ್ಪುಪಟ್ಟಿ ಮಾತ್ರ ಆ ದಿನವೇ ಮಾಯವಾಗಲಿಲ್ಲ. ಪೊಲಾನ್ಸ್ಕಿಯವರ ಹೆಸರು ಮತ್ತೆ ಚಲನಚಿತ್ರದ ತೆರೆಯ ಮೇಲೆ ಬರಲು 1968ರವರೆಗೆ ಕಾಯಬೇಕಾಯಿತು.

ಅದೇ ಮಾಲಿಕೆಯ ಮೊದಲ ವಾರಗಳಲ್ಲಿ ಬಾಸ್ಟನ್ ಟೀ ಪ್ರಸಂಗವೂ ಬಂದಿದ್ದಿತು. ಪಠ್ಯಪುಸ್ತಕದಲ್ಲಿ ಇದನ್ನು ನೀವೆಲ್ಲ ಓದಿರುವಿರಿ: 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ನಿನ ಜನ ಮೂರು ಹಡಗುಗಳನ್ನೇರಿ 342 ಪೆಟ್ಟಿಗೆ ಟೀಯನ್ನು ಸಮುದ್ರಕ್ಕೆ ಸುರಿದರು. ಟೀ ಚೀನಾದ್ದು, ಪೆಟ್ಟಿಗೆಗಳು ಈಸ್ಟ್ ಇಂಡಿಯಾ ಕಂಪೆನಿಯವು. ನಮ್ಮ ಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಆ ಕಂಪೆನಿ ಯಾವುದೆಂಬುದು ನಮಗೆ ತಿಳಿಯದೆ? 1769ರಲ್ಲಿ ಹೈದರಾಲಿಯ ದಾಳಿಗಳ ಸುದ್ದಿ ಲಂಡನ್ನನ್ನು ಮುಟ್ಟಿದಾಗ ಅದೇ ಕಂಪೆನಿಯ ಷೇರುಗಳ ಬೆಲೆ ಕುಸಿದಿದ್ದಿತು. ಬಂಗಾಳದ ಕ್ಷಾಮ, ಸಾಲ, ಮಾರಾಟವಾಗದೆ ಉಳಿದ ಟೀ ಎಲ್ಲ ಸೇರಿ ಅದು ದಿವಾಳಿಯ ಅಂಚಿಗೆ ಬಂದಾಗ, ಅದನ್ನು ಉಳಿಸಲೆಂದು ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಕಾನೂನೇ ಬಾಸ್ಟನ್ನಿನವರನ್ನು ಕೆರಳಿಸಿದ್ದು. ಅಮೆರಿಕದವರಿಗೂ ಮೈಸೂರಿನ ಸುದ್ದಿ ತಲುಪುತ್ತಿದ್ದಿತು. 1782ರ ಏಪ್ರಿಲ್ 8ರಂದು ಡೆಲಾವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಸಣ್ಣ ಯುದ್ಧನೌಕೆ ತನಗಿಂತ ಬಲವಾದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಆ ನೌಕೆಯ ಹೆಸರು ‘ಹೈದರ್ ಆಲಿ’. ಯಾರ್ಕ್‌ಟೌನಿನಲ್ಲಿ 1781ರಲ್ಲಿ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ನಿಂತು ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನು ಒತ್ತೆಯಾಗಿಯೂ ಪಡೆದನು. ಅಮೆರಿಕದ ಚರಿತ್ರೆ ನಮಗೆ ಸಂಬಂಧವಿಲ್ಲದ್ದೆನ್ನುವವರಿಗೆ ಇಷ್ಟು ಸಾಕು.

‘ಯು ಆರ್ ದೇರ್’ 1957ರ ಅಕ್ಟೋಬರಿನಲ್ಲಿ ನಿಂತಿತು. 1971ರಲ್ಲಿ ಕ್ರಾಂಕೈಟರೇ ಅದನ್ನು ಶನಿವಾರದ ಮಕ್ಕಳ ಕಾರ್ಯಕ್ರಮವಾಗಿ ಮತ್ತೆ ತಂದರು. ಅದು ಒಂದು ವರ್ಷ ನಡೆಯಿತು. ಆಮೇಲಿನ ಎರಡು ದೊಡ್ಡ ಪ್ರಸಾರಗಳನ್ನು ಕುರಿತು ಎರಡೆರಡು ಮಾತು ಹೇಳಿ ಮುಂದೆ ಹೋಗುತ್ತೇನೆ.

ಮೊದಲನೆಯದು ‘ರೂಟ್ಸ್’. ಅಲೆಕ್ಸ್ ಹೇಲಿಯವರ ಗ್ರಂಥವನ್ನು ಅವಲಂಬಿಸಿದ ಈ ಧಾರಾವಾಹಿ 1977ರ ಜನವರಿ 23ರ ಭಾನುವಾರ ಆರಂಭವಾಗಿ ಮುಂದಿನ ಭಾನುವಾರದವರೆಗೆ ಎಂಟು ರಾತ್ರಿ ನಡೆಯಿತು. ಆಫ್ರಿಕದ ಗ್ಯಾಂಬಿಯಾದಿಂದ ಹಿಡಿದು ತಂದ ಕುಂಟ ಕಿಂಟೆ ಎಂಬ ತರುಣನಿಂದ ಮೊದಲಾಗಿ ಗುಲಾಮ ಕುಟುಂಬವೊಂದರ ತಲೆಮಾರುಗಳ ಕಥೆ. ಕೊನೆಯ ರಾತ್ರಿ ಸುಮಾರು ಹತ್ತು ಕೋಟಿ ಜನ ನೋಡಿದರೆಂದು ಲೆಕ್ಕ ಹಾಕಿದರು. ಗುಲಾಮಗಿರಿಯನ್ನು ಒಡೆಯನ ಜಗಲಿಯಿಂದಲ್ಲದೆ ಗುಲಾಮನ ಗುಡಿಸಲಿನಿಂದ ತೋರಿಸಿದ್ದು ಆ ದೇಶದ ತೆರೆಗೆ ದೊಡ್ಡ ಸಂಗತಿ. ಆದರೆ ಹೇಲಿಯವರು ತಮ್ಮದೇ ವಂಶದ ಚರಿತ್ರೆಯೆಂದು ಹೇಳಿದ್ದರಲ್ಲ, ಅದನ್ನು ವಂಶಾವಳಿಯ ಪಂಡಿತರು ದಾಖಲೆಗಳೊಡನೆ ಹೋಲಿಸಿದಾಗ ಅನೇಕ ಕಡೆ ತಾಳೆಯಾಗಲಿಲ್ಲ. ಇನ್ನೊಬ್ಬ ಲೇಖಕರ ಕಾದಂಬರಿಯಿಂದ ಭಾಗಗಳು ಬಂದಿವೆಯೆಂಬ ವ್ಯಾಜ್ಯವೂ ಹೂಡಲ್ಪಟ್ಟು 1978ರಲ್ಲಿ ಹಣ ಕೊಟ್ಟು ರಾಜಿಯಾಯಿತು. ಗುಲಾಮಗಿರಿ ನಿಜ, ಸಂಕೋಲೆ ನಿಜ, ಹರಾಜಿನ ಕಟ್ಟೆ ನಿಜ. ಇಷ್ಟು ನಿಜಗಳಿರುವಾಗ ಕಥೆಯನ್ನು ಕಥೆಯೆಂದೇ ಹೇಳಿದ್ದರೆ ಏನು ಕಡಮೆಯಾಗುತ್ತಿತ್ತೆಂದು ನನಗೆ ಅನಿಸುವುದುಂಟು. ವಿರೋಧಿಗಳ ಕೈಗೆ ಕೋಲು ಕೊಟ್ಟಂತಾಯಿತು.

ಎರಡನೆಯದು ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’. 1990ರ ಸೆಪ್ಟೆಂಬರ್ 23ರ ಭಾನುವಾರದಿಂದ ಐದು ರಾತ್ರಿ, ಒಂಬತ್ತು ಭಾಗ, ಒಟ್ಟು ಹನ್ನೊಂದು ಗಂಟೆಗೂ ಹೆಚ್ಚು ಕಾಲ. ಸುಮಾರು ನಾಲ್ಕು ಕೋಟಿ ಜನ ನೋಡಿದರು. 1861ರಿಂದ 1865ರವರೆಗೆ ನಡೆದ ಯುದ್ಧಕ್ಕೆ ಚಲಿಸುವ ಚಿತ್ರ ಎಲ್ಲಿಂದ ಬರಬೇಕು? ಬರ್ನ್ಸ್ ಹಳೆಯ ಛಾಯಾಚಿತ್ರಗಳ ಮೇಲೆ ಕ್ಯಾಮರಾವನ್ನು ಮೆಲ್ಲಮೆಲ್ಲನೆ ಸರಿಸಿದರು. ಹಿಂದಿನಿಂದ ಸೈನಿಕರ, ಹೆಂಗಸರ, ಗುಲಾಮರ ಕಾಗದಗಳನ್ನು ನಟರಿಂದ ಓದಿಸಿದರು. ಸಲಿವನ್ ಬಾಲೂ ಎಂಬ ಮೇಜರ್ ತನ್ನ ಹೆಂಡತಿಗೆ ಬರೆದ ಕಾಗದವನ್ನು ಓದುವ ಭಾಗವನ್ನು ಕೇಳಿ ಕಣ್ಣೊರಸಿಕೊಂಡವರು ಅಸಂಖ್ಯಾತ. 1861ರ ಜುಲೈ 14ರಂದು ಕಾಗದ ಬರೆದವನು ಒಂದೇ ವಾರದಲ್ಲಿ ಯುದ್ಧದಲ್ಲಿ ಗಾಯಗೊಂಡು, ಕೆಲವು ದಿನಗಳಲ್ಲಿ ಪ್ರಾಣಬಿಟ್ಟನು. ನೋಡಿರಿ, ಇಲ್ಲಿಯೂ ಗೆದ್ದದ್ದು ದನಿಯೇ.

ಆದರೆ ಆ ಕಾಗದದ ಹಿಂದೆ ಪಿಟೀಲಿನಲ್ಲಿ ಒಂದು ಶೋಕದ ಮಟ್ಟು ಕೇಳಿಬರುತ್ತದೆ. ಅದು ಆ ಯುದ್ಧಕಾಲದ ಹಳೆಯ ಧಾಟಿಯೆಂದೇ ಬಹಳ ಮಂದಿ ನಂಬಿದರು. ನಿಜವಾಗಿ ಅದನ್ನು ಜೇ ಉಂಗರ್ ಎಂಬ ಸಂಗೀತಗಾರರು ರಚಿಸಿದ್ದು 1982ರಲ್ಲಿ. ಇದನ್ನು ಮೋಸವೆನ್ನಲಾರೆ, ಗಮಕಿಯೂ ಭೀಷ್ಮನ ಶರಶಯ್ಯೆಗೆ ತಕ್ಕ ರಾಗವನ್ನೇ ಹಿಡಿಯುತ್ತಾನೆ. ಆದರೂ ಒಂದು ಎಚ್ಚರ ಬೇಕು. ಎರಡೂ ಕಡೆಯ ಶೂರರ ಕಾಗದಗಳಿಗೆ ಅದೇ ಶೋಕದ ರಾಗ ಹರಿದಾಗ, ಯುದ್ಧ ಯಾತಕ್ಕಾಗಿ ನಡೆಯಿತೆಂಬ ಪ್ರಶ್ನೆ ಕಣ್ಣೀರಿನಲ್ಲಿ ಕರಗಿಹೋಗುತ್ತದೆ. ಅದರಲ್ಲಿ ಮಾತನಾಡಿದ ಬಾರ್ಬರಾ ಫೀಲ್ಡ್ಸ್ ಎಂಬ ಚರಿತ್ರಕಾರರು ಗುಲಾಮಗಿರಿಯೇ ಯುದ್ಧದ ಹುರುಳೆಂದು ಖಂಡಿತವಾಗಿ ಹೇಳಿದರು. ಆದರೆ ದಕ್ಷಿಣದ ಕಾದಂಬರಿಕಾರ ಶೆಲ್ಬಿ ಫೂಟರ ಸೊಗಸಾದ ಉಪಕಥೆಗಳಿಗೆ ಸಿಕ್ಕ ಹೊತ್ತು ಆಕೆಗೆ ಸಿಗಲಿಲ್ಲ. ಚರಿತ್ರಕಾರರು ಅನಂತರ ಇದನ್ನು ಎತ್ತಿ ತೋರಿಸಿದರು. ಹನ್ನೊಂದು ಗಂಟೆಗಳಲ್ಲಿ ಯಾರಿಗೆ ಎಷ್ಟು ನಿಮಿಷವೆಂಬುದೂ ಒಂದು ತೀರ್ಪೇ ತಾನೆ?

ಹಾಗಾದರೆ ಕತ್ತರಿಸದೆ, ರಾಗ ಹಾಕದೆ, ವೇಷ ತೊಡಿಸದೆ ಚರಿತ್ರೆಯನ್ನು ತೋರಿಸಲಾಗದೆ? ಆ ದೇಶದಲ್ಲಿಯೇ ಇದಕ್ಕೊಂದು ಉತ್ತರವುಂಟು. ಅದು ಅಷ್ಟು ಜನಪ್ರಿಯವಲ್ಲ. ಅದನ್ನು ಕುರಿತು ಹೇಳಬೇಕೆಂದೇ ಇಷ್ಟು ದೂರ ಬಂದೆ.

1979ರ ಮಾರ್ಚ್ 19ರಂದು ಸಿ-ಸ್ಪ್ಯಾನ್ ಎಂಬ ವಾಹಿನಿ ಅಮೆರಿಕದ ಪ್ರತಿನಿಧಿ ಸಭೆಯ ಕಲಾಪವನ್ನು ಯಥಾವತ್ತಾಗಿ ತೋರಿಸಲು ಆರಂಭಿಸಿತು. ಸ್ಥಾಪಕರು ಬ್ರಯನ್ ಲ್ಯಾಂಬ್. ಇದು ಸರ್ಕಾರದ ಸಂಸ್ಥೆಯಲ್ಲ, ಜಾಹೀರಾತೂ ಇಲ್ಲ. ಕೇಬಲ್ ಕಂಪೆನಿಗಳು ಚಂದಾದಾರರ ಲೆಕ್ಕದಲ್ಲಿ ತಲೆಗೆ ಕೆಲವು ಕಾಸಿನಂತೆ ಕೊಡುವ ಹಣದಿಂದ ನಡೆದು ಬಂದಿದೆ. ಇದರ ನಿಯಮ ಒಂದೇ: ಭಾಷಣ ಆರಂಭವಾದಲ್ಲಿಂದ ಮುಗಿಯುವವರೆಗೆ ತೋರಿಸು, ನಡುವೆ ಬಾಯಿ ಹಾಕಬೇಡ. ಮೊದಮೊದಲು ನೋಡಿದವರು ಇದಕ್ಕಿಂತ ನೀರಸವಾದುದು ಲೋಕದಲ್ಲಿಲ್ಲವೆಂದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ.

ಈ ನಿಯಮವನ್ನು ಚರಿತ್ರೆಗೆ ಅನ್ವಯಿಸಿದರೆ ಏನಾಗುವುದೆಂಬುದಕ್ಕೆ 1994ರ ಒಂದು ಪ್ರಯೋಗ ಸಾಕ್ಷಿ. 1858ರಲ್ಲಿ ಇಲಿನಾಯ್ ಸಂಸ್ಥಾನದ ಸೆನೆಟ್ ಸ್ಥಾನಕ್ಕಾಗಿ ಏಬ್ರಹಾಂ ಲಿಂಕನ್ನರೂ ಸ್ಟೀಫನ್ ಡಗ್ಲಾಸರೂ ಏಳು ಊರುಗಳಲ್ಲಿ ಎದುರುಬದುರು ನಿಂತು ವಾದಿಸಿದ್ದರು. ಒಂದೊಂದು ವಾದವೂ ಮೂರು ಗಂಟೆ: ಮೊದಲಿನವರಿಗೆ ಒಂದು ಗಂಟೆ, ಎರಡನೆಯವರಿಗೆ ಒಂದೂವರೆ, ಮತ್ತೆ ಮೊದಲಿನವರಿಗೆ ಉತ್ತರವಾಗಿ ಅರ್ಧ ಗಂಟೆ. ಬಿಸಿಲಿನಲ್ಲಿ ಸಾವಿರಾರು ರೈತರು ನಿಂತು ಕೇಳಿದರು. ಚುನಾವಣೆಯಲ್ಲಿ ಗೆದ್ದವರು ಡಗ್ಲಾಸ್. ಅಂದಿನ ಪದ್ಧತಿಯಂತೆ ಆರಿಸಿದವರು ಸಂಸ್ಥಾನದ ಶಾಸಕರು. ಸಿ-ಸ್ಪ್ಯಾನ್ ಆ ಏಳು ಊರುಗಳಲ್ಲಿಯೇ ಏಳು ವಾದಗಳನ್ನೂ ಮತ್ತೆ ಅಭಿನಯಿಸಿ ಆದ್ಯಂತ ಪ್ರಸಾರ ಮಾಡಿತು.

ಲಿಂಕನ್ನರನ್ನು ನಾವು ಶಾಲೆಯಲ್ಲಿ ಕಲಿಸುವ ಬಗೆ ನಿಮಗೆ ಗೊತ್ತು. ಗುಡಿಸಲಲ್ಲಿ ಹುಟ್ಟಿದರು, ಒಲೆಯ ಬೆಳಕಿನಲ್ಲಿ ಓದಿದರು, ಗುಲಾಮರನ್ನು ಬಿಡಿಸಿದರು, ಗುಂಡಿಗೆ ಬಲಿಯಾದರು. ಆದರೆ 1858ರ ಸೆಪ್ಟೆಂಬರ್ 18ರಂದು ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ ಅವರು ಮಾತನ್ನು ಆರಂಭಿಸಿದುದೇ, ಬಿಳಿಯರಿಗೂ ಕರಿಯರಿಗೂ ಸಾಮಾಜಿಕ ಮತ್ತು ರಾಜಕೀಯ ಸಮಾನತೆಯನ್ನು ತರಬೇಕೆಂಬ ಪಕ್ಷದವನು ತಾನಲ್ಲವೆಂದು ಸಾರುವುದರಿಂದ. ಕರಿಯರಿಗೆ ಮತವಾಗಲಿ, ನ್ಯಾಯಾಲಯದ ಪಂಚರ ಸ್ಥಾನವಾಗಲಿ ಬೇಕೆಂದು ತಾನು ಹೇಳುವುದಿಲ್ಲವೆಂದರು. ಅದೇ ಲಿಂಕನ್ನರು ಒಂದು ತಿಂಗಳೊಳಗೆ ಕೊನೆಯ ವಾದದಲ್ಲಿ, ಒಬ್ಬನು ದುಡಿದು ಗಳಿಸಿದ ರೊಟ್ಟಿಯನ್ನು ಇನ್ನೊಬ್ಬನು ತಿನ್ನುವುದೇ ಗುಲಾಮಗಿರಿಯ ತಿರುಳು, ಅದು ಅರಸನ ಬಾಯಿಂದ ಬಂದರೂ ಒಂದೇ, ಒಂದು ಜನಾಂಗದ ಬಾಯಿಂದ ಬಂದರೂ ಒಂದೇ, ಎಂಬ ಅರ್ಥದಲ್ಲಿ ಗರ್ಜಿಸಿದರು. ಎರಡೂ ಒಬ್ಬನೇ ಮನುಷ್ಯನ ಮಾತು. ಅರ್ಧ ಗಂಟೆಯ ಕಾರ್ಯಕ್ರಮದವನಿಗೆ ಎರಡನೆಯದು ಸಾಕು. ಲಿಂಕನ್ನರನ್ನು ಹಳಿಯಲು ಕುಳಿತವನಿಗೆ ಮೊದಲನೆಯದು ಸಾಕು. ಮೂರು ಗಂಟೆ ಕುಳಿತವನಿಗೆ ಮಾತ್ರ ಗೊತ್ತಾಗುವುದು: ಮತ ಬೇಡುವ ಒಬ್ಬ ವಕೀಲ, ತನ್ನ ಕಾಲದ ಪೂರ್ವಗ್ರಹಗಳನ್ನು ಹೊತ್ತುಕೊಂಡೇ, ಗುಲಾಮಗಿರಿ ತಪ್ಪು ಎಂಬ ಒಂದೇ ಗೂಟಕ್ಕೆ ತನ್ನನ್ನು ಕಟ್ಟಿಹಾಕಿಕೊಂಡಿದ್ದನೆಂದು. ನನಗೆ ಈ ಲಿಂಕನ್ ಶಾಲೆಯ ಲಿಂಕನ್ನನಿಗಿಂತ ದೊಡ್ಡವನಾಗಿಯೇ ಕಾಣುತ್ತಾನೆ. ಇದಕ್ಕೆ ಒಪ್ಪದವರೂ ಇರಬಹುದು.

2011ರ ಜನವರಿಯಿಂದ ಇದೇ ಸಂಸ್ಥೆ ತನ್ನ ಮೂರನೆಯ ವಾಹಿನಿಯಲ್ಲಿ ಪ್ರತಿ ಶನಿವಾರ ಭಾನುವಾರಗಳ ನಲವತ್ತೆಂಟು ಗಂಟೆಗಳನ್ನೂ ಚರಿತ್ರೆಗೇ ಮೀಸಲಿಟ್ಟಿತು. ಮಾಲಿಕೆಯ ಹೆಸರು ‘ಅಮೆರಿಕನ್ ಹಿಸ್ಟರಿ ಟಿವಿ’. ಅನಂತರದ ವರ್ಷಗಳಲ್ಲಿ ಅದು ಎರಡನೆಯ ವಾಹಿನಿಯ ಶನಿವಾರಕ್ಕೆ ಸರಿದು, ಭಾನುವಾರ ಪುಸ್ತಕಗಳ ಪಾಲಾಯಿತು. ಕೇಬಲ್ ಚಂದಾದಾರರು ಕಡಮೆಯಾಗುತ್ತ ಬಂದಂತೆ ಸಂಸ್ಥೆಯ ಆದಾಯವೂ ಇಳಿದಿದೆ. ಈ ಮಾಲಿಕೆಯಲ್ಲಿ ಹಳೆಯ ಸರ್ಕಾರಿ ಚಿತ್ರಗಳನ್ನು ಹೊರತೆಗೆದು ತೋರಿಸುವುದುಂಟು, ವಸ್ತುಸಂಗ್ರಹಾಲಯಗಳಿಗೆ ಕರೆದೊಯ್ಯುವುದುಂಟು, ಕರಿಯರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಪೆಟ್ಟು ತಿಂದವರು ಮುಪ್ಪಿನಲ್ಲಿ ಕುಳಿತು ತಮ್ಮ ನೆನಪುಗಳನ್ನು ಗಂಟೆಗಟ್ಟಲೆ ಹೇಳುವುದೂ ಉಂಟು. ನನ್ನ ಮನಸ್ಸಿಗೆ ಹಿಡಿಸಿದುದು ಮಾತ್ರ ಇವಾವುವೂ ಅಲ್ಲ. ‘ಲೆಕ್ಚರ್ಸ್ ಇನ್ ಹಿಸ್ಟರಿ’ ಎಂಬ ಭಾಗ. ಕ್ಯಾಮರಾವನ್ನು ಹೊತ್ತುಕೊಂಡು ಯಾವುದಾದರೂ ಕಾಲೇಜಿನ ತರಗತಿಗೆ ಹೋಗುವುದು, ಅಲ್ಲಿ ಆ ದಿನ ನಡೆಯುವ ಪಾಠವನ್ನು ಗಂಟೆ ಬಾರಿಸುವವರೆಗೆ ಚಿತ್ರಿಸುವುದು. ಅಷ್ಟೇ!

ನಾನು ಪ್ರೌಢಶಾಲೆಯಲ್ಲಿ ಕನ್ನಡ ಹೇಳುವವನು. ಚರಿತ್ರೆ ನನ್ನ ವಿಷಯವಲ್ಲ. ಆದರೆ ತರಗತಿ ಎಂತಹ ಸ್ಥಳವೆಂಬುದನ್ನು ಬಲ್ಲೆ. ಉಪಾಧ್ಯಾಯನ ಅಧಿಕಾರ ಬಾಗಿಲು ಮುಚ್ಚಿದ ಕೋಣೆಯದು. ಇನ್‌ಸ್ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರೆ ಎಷ್ಟು ಸಮರ್ಥನಿಗಾದರೂ ಸೀಮೆಸುಣ್ಣ ಎರಡು ಸಲ ಮುರಿಯುತ್ತದೆ. ಅಂತಹುದರಲ್ಲಿ ದೇಶವೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವುದೆಂದರೆ! ಹಳ್ಳಿಯ ರೈತ, ಲಾರಿಯ ಚಾಲಕ, ಆ ಪ್ರಾಧ್ಯಾಪಕರ ಅಭಿಪ್ರಾಯಕ್ಕೆ ಕಿಡಿಕಾರುವ ರಾಜಕಾರಣಿ, ಎಲ್ಲರೂ. ಪ್ರಾಧ್ಯಾಪಕರು ಒಂದು ಅಭಿಪ್ರಾಯ ಹೇಳಿದರೆ ಅದಕ್ಕೆ ಆಧಾರವನ್ನೂ ಹೇಳಲೇಬೇಕು; ವಿದ್ಯಾರ್ಥಿಯ ಪ್ರಶ್ನೆ ಮುಜುಗರದ್ದಾದರೂ ಹಾರಿಸುವಂತಿಲ್ಲ. ಈ ಬಿಗಿ ಇದ್ದರೂ ಅಲ್ಲಿನ ಪಾಠಗಳು ಸೆಟೆದುಕೊಂಡಿರುವುದಿಲ್ಲ. ನಡುವೆ ಒಬ್ಬಿಬ್ಬರು ಹುಡುಗರು ಆಕಳಿಸುವುದೂ ಕಾಣಿಸುತ್ತದೆ. ಅದು ಕಂಡಾಗ ನನಗೆ ದೇಶದೇಶಗಳ ಅಂತರವೇ ಮರೆತುಹೋಗುತ್ತದೆ.

ಬಾನುಲಿಯ ಓದುಗರಿಗೆ ಕಡೆಯಲ್ಲಿ ಒಂದು ಬಾನುಲಿಯ ಸಂಗತಿ. ಸಿ-ಸ್ಪ್ಯಾನ್ 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ರೇಡಿಯೋ ಕೇಂದ್ರವನ್ನೂ ಆರಂಭಿಸಿತು. ಅದರ ಶನಿವಾರದ ಕಾರ್ಯಕ್ರಮಗಳಲ್ಲಿ ಕೇಳುಗರನ್ನು ಬಹುವಾಗಿ ಸೆಳೆದುದು ಅಧ್ಯಕ್ಷ ಲಿಂಡನ್ ಜಾನ್ಸನ್ನರ ಟೆಲಿಫೋನ್ ಸಂಭಾಷಣೆಗಳ ಮಾಲಿಕೆ. ಜಾನ್ಸನ್ನರು ಅಧಿಕಾರದಲ್ಲಿದ್ದಾಗ ತಮ್ಮ ಫೋನಿನ ಮಾತುಗಳನ್ನು ಗುಟ್ಟಾಗಿ ಧ್ವನಿಮುದ್ರಣ ಮಾಡಿಸುತ್ತಿದ್ದರು. ತಾವು ಸತ್ತು ಐವತ್ತು ವರ್ಷವಾಗುವವರೆಗೆ ಅವನ್ನು ತೆರೆಯಬಾರದೆಂದು ಅವರ ಇಚ್ಛೆ. ಅವರು ತೀರಿಕೊಂಡದ್ದು 1973ರಲ್ಲಿ. ಆದರೆ ಅವರ ಹೆಸರಿನ ಗ್ರಂಥಭಂಡಾರದವರು ಟೇಪುಗಳು ಕೆಟ್ಟುಹೋಗುವ ಮೊದಲೇ, 1990ರ ದಶಕದಲ್ಲಿ, ಅವನ್ನು ತೆರೆದರು. ಅಧ್ಯಕ್ಷರ ಹೆಂಡತಿಯೂ ಸಮ್ಮತಿಸಿದರು.

ಅವುಗಳಲ್ಲಿ 1964ರ ಮೇ 27ರ ಸಂಭಾಷಣೆಗಳಿವೆ. ಜಾನ್ಸನ್ನರು ಮೊದಲು ತಮ್ಮ ಹಳೆಯ ಗುರುವಿನಂತಿದ್ದ ಸೆನೆಟರ್ ರಿಚರ್ಡ್ ರಸೆಲ್ಲರೊಡನೆ, ಆಮೇಲೆ ಸಲಹೆಗಾರ ಮೆಕ್‌ಜಾರ್ಜ್ ಬಂಡಿಯವರೊಡನೆ ವಿಯೆಟ್ನಾಮನ್ನು ಕುರಿತು ಮಾತನಾಡುತ್ತಾರೆ. ಆ ಯುದ್ಧ ಹೋರಾಡುವುದಕ್ಕೆ ಯೋಗ್ಯವಾದುದೆಂದು ತಮಗೆ ಅನ್ನಿಸುವುದಿಲ್ಲ, ಆದರೆ ಅದರಿಂದ ಹೊರಬರುವ ದಾರಿಯೂ ತೋರುವುದಿಲ್ಲ ಎಂಬುದು ಅವರ ಮಾತಿನ ಸಾರ. ದನಿಯಲ್ಲಿ ಆಯಾಸ. ಮೂರು ತಿಂಗಳು ಕಳೆಯುವ ಮೊದಲೇ, ಆಗಸ್ಟ್ 7ರಂದು, ಯುದ್ಧವನ್ನು ವಿಸ್ತರಿಸಲು ಅವರಿಗೆ ಅಧಿಕಾರ ಕೊಡುವ ನಿರ್ಣಯವನ್ನು ಕಾಂಗ್ರೆಸ್ಸು ಅಂಗೀಕರಿಸಿತು. ಅದಾದ ಎರಡನೆಯ ದಿನ ಅವರು ಒಂದು ಉಡುಪಿನ ಕಂಪೆನಿಗೆ ಫೋನು ಮಾಡಿ ಷರಾಯಿಗಳನ್ನು ಹೇಳಿಹಾಕಿದ್ದೂ ಟೇಪಿನಲ್ಲಿದೆ: ಜೇಬು ಇನ್ನೊಂದು ಅಂಗುಲ ಆಳವಾಗಿರಲಿ, ಕೂತರೆ ಚಾಕು, ದುಡ್ಡು ಎಲ್ಲ ಬಿದ್ದುಹೋಗುತ್ತವೆ ಎಂದು. 1965ರ ಮಾರ್ಚಿನಲ್ಲಿ ಕಾದಾಡುವ ಸೈನ್ಯ ವಿಯೆಟ್ನಾಮಿನ ನೆಲದ ಮೇಲೆ ಇಳಿಯಿತು. ಯುದ್ಧ ಮುಗಿಯುವಷ್ಟರಲ್ಲಿ 58,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ವಿಯೆಟ್ನಾಮಿನವರ ಸಾವನ್ನು ಲಕ್ಷಗಳಲ್ಲಿ ಎಣಿಸಬೇಕು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಶನಿವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತ, ಆ ಮೇ ತಿಂಗಳ ದನಿಯನ್ನು ಅಡಿಗೆಮನೆಯ ರೇಡಿಯೋದಲ್ಲಿ ಕೇಳಿದ್ದರೆ ಆಕೆಗೆ ಏನೆನ್ನಿಸಿರಬೇಕು? ಅಲ್ಲಿ ಸಂಜಯನಿಲ್ಲ, ದೊರೆಯೇ ತನ್ನ ಬಾಯಿಂದ ತನ್ನ ಮೇಲೆ ಸಾಕ್ಷ್ಯ ನುಡಿಯುತ್ತಿದ್ದಾನೆ.

ಸಿ-ಸ್ಪ್ಯಾನಿನ ಪ್ರಸಾರಗಳನ್ನು 1987ರಿಂದ ಇಂಡಿಯಾನಾ ಸಂಸ್ಥಾನದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಕೂಡಿಡುತ್ತ ಬಂದರು. 2010ರಿಂದ ಆ ಭಂಡಾರ ಅಂತರ್ಜಾಲದಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿದೆ. ಮೊಬೈಲ್ ಹಿಡಿದ ಮೊಮ್ಮಕ್ಕಳು ಮನೆಯಲ್ಲಿದ್ದರೆ ಹುಡುಕಿ ಕೊಡುತ್ತಾರೆ. ತರಗತಿಯ ಪಾಠಗಳಲ್ಲಿ ನಿಮಗೆ ಬೇಕಾದ ವಿಷಯವನ್ನು ಆರಿಸಿಕೊಳ್ಳಿರಿ. ಇಂಗ್ಲಿಷಿನ ಉಚ್ಚಾರಣೆ ಮೊದಲ ಹತ್ತು ನಿಮಿಷ ತೊಡಕಾಗಬಹುದು, ಆಮೇಲೆ ಕಿವಿ ಪಳಗುತ್ತದೆ. ಲಿಂಕನ್ ಡಗ್ಲಾಸರ ವಾದಗಳನ್ನು ನೋಡಬೇಕೆನ್ನುವವರು ಏಳನ್ನೂ ನೋಡಬೇಕಾದುದಿಲ್ಲ. ನಾಲ್ಕನೆಯದು ಚಾರ್ಲ್ಸ್‌ಟನ್ನಿನದು, ಏಳನೆಯದು ಆಲ್ಟನ್ನಿನದು. ಎರಡು ಭಾನುವಾರಗಳ ಮಧ್ಯಾಹ್ನ ಸಾಕು.